ಹೆಬ್ಬೆಟ್ಟಿಗೆ ಕೋಡ್ ಇಲ್ಲ!

ಇದನ್ನು ಫಾರ್ವರ್ಡ್ ಮಾಡಲು ಹೊರಟ ನಿಮ್ಮ ಹೆಬ್ಬೆರಳಿಗೆ ಎರಡು ನಿಮಿಷ ರಜೆ ಕೊಡಿ... ಕಥೆ ಅದರದ್ದೇ.

ಮೈಸೂರಿನ ಒಂದು ಇನ್ಶೂರೆನ್ಸ್ ಆಫೀಸು. ಕ್ಲೇಮ್ ನೋಡುವವರು ಪರಶಿವಮೂರ್ತಿ.

ಯಾವ ಆಪರೇಷನ್ ಆದರೂ ಅವರ ಕಂಪ್ಯೂಟರಿನಲ್ಲಿ ಅದಕ್ಕೊಂದು ಕೋಡ್ ಇರಬೇಕು. ಕೋಡ್ ಇದ್ದರೆ ಕೊಡು... ಇಲ್ಲದಿದ್ದರೆ ಬಿಡು!

ಹನ್ನೊಂದು ವರ್ಷ ಕೋಡ್ ಬಾಯಿಪಾಠ ಮಾಡಿ ಮಾಡಿ ಅವರ ತಲೆಗೇ ಎರಡು ಕೋಡು ಮೂಡಿದ್ದವು.

ಆ ಸೋಮವಾರ ಜಲಜಾಕ್ಷಮ್ಮ ಬಂದರು. ಅರವತ್ತರ ಹತ್ತಿರದ ವಯಸ್ಸು. ಬಲಗೈ ಹೆಬ್ಬೆರಳಿನ ಬುಡದ ಕೀಲು ಪೂರ್ತಿ ಸವೆದಿತ್ತು.

ಅಲ್ಲಿ ಹೊಸ ಕೀಲು ಕೂರಿಸುವ ಆಪರೇಷನ್ ಗುರುವಾರ... ಇನ್ಶೂರೆನ್ಸ್ ಒಪ್ಪಿದರೆ ಮಾತ್ರ.

"ಮಂಡಿಗೆ ಕೋಡ್ ಇದೆ, ಸೊಂಟಕ್ಕಿದೆ. ಹೆಬ್ಬೆರಳಿಗೆ ಇಲ್ಲಮ್ಮಾ. ಇದೆಲ್ಲಾ ಹೊಸ ಆಪರೇಷನ್ನು. ರಿಜೆಕ್ಟ್ ಆಗಿದೆ. ಲೆಟರ್ ತಲುಪ್ತು ಅಂತ ಸೈನ್ ಹಾಕಿ."

"ಪೆನ್ನು ಹಿಡಿಯಕ್ಕಾಗಲ್ಲ ಸಾರ್... ಇಂಕ್ ಪ್ಯಾಡ್ ಇದ್ರೆ ಎಡಗೈದು ಒತ್ತುತೀನಿ."

"ಓ, ಹೆಬ್ಬೆಟ್ಟಾ!" ಪರಶಿವಮೂರ್ತಿ ನಕ್ಕರು. "ಮೊದ್ಲೇ ಹೇಳ್ಬಾರ್ದಾ? ಓದಕ್ಕೆ ಬರ್ದಿದ್ರೆ ನಾನೇ ಓದ್ತೀನಿ."

ಲೆಟರನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದನೇ ಕ್ಲಾಸಿನ ಮಕ್ಕಳಿಗೆ ಓದುವ ಹಾಗೆ ಬಿಡಿಸಿ ಬಿಡಿಸಿ ಶುರು ಮಾಡಿದರು...

"ಮೂರನೇ ಸಾಲಲ್ಲಿ ತಪ್ಪಿದೆ ಸಾರ್," ಅಂದರು ಜಲಜಾಕ್ಷಮ್ಮ ಮೆಲ್ಲಗೆ. "'ತಿರಸ್ಕ್ರತ' ಅಂತ ಬಿದ್ದಿದೆ. 'ತಿರಸ್ಕೃತ' ಆಗ್ಬೇಕು. ವಟ್ರಸುಳಿ ಬೇಕು."

ಪರಶಿವಮೂರ್ತಿ ಬೆಚ್ಚಿಬಿದ್ದರು.

ಕಾಗದ ಇದ್ದದ್ದು ಇವರ ಕಡೆಗೆ... ಆಕೆ ಓದಿದ್ದು ತಲೆಕೆಳಗಾಗಿ!

"ಮೂವತ್ತು ವರ್ಷದಿಂದ ಪ್ರೆಸ್ಸಲ್ಲಿ ಅಚ್ಚಿಗೆ ಸೀಸದ ಅಕ್ಷರದ ಮೊಳೆ ಒಂದೊಂದೇ ಜೋಡಿಸ್ತೀನಿ ಸಾರ್. ನಮಗೆ ಅಕ್ಷರ ಯಾವಾಗ್ಲೂ ಉಲ್ಟಾನೇ. ಬೆರಳು ಸವೆದಿದ್ದೂ ಹಂಗೇ... ಇದು ಸರಿಹೋಗ್ದಿದ್ರೆ ಇನ್ನು ಒಂದಕ್ಷರಾನೂ ಹಿಡಿಯಕ್ಕಾಗಲ್ಲ."

ಸ್ವಲ್ಪ ತಡೆದು ಅಂದರು... "ನಿಮ್ ಪಾಲಿಸಿ ಪುಸ್ತಕಾನೂ ನಾನೇ ಜೋಡಿಸಿದ್ದು. ಹನ್ನೊಂದನೇ ಪುಟ, ಕೆಳಗಿಂದ ನಾಲ್ಕನೇ ಸಾಲು ನೋಡಿ."

ಪರಶಿವಮೂರ್ತಿ ಡ್ರಾಯರ್ ತಳದಿಂದ ಪುಸ್ತಕ ತೆಗೆದು, ಧೂಳು ಊದಿ ನೋಡಿದರು.

'ಮಂಡಿ, ಸೊಂಟ ಮುಂತಾದ ಕೀಲುಗಳ ಬದಲಾವಣೆ...'

ಮುಂತಾದ!

ತುಂಬಿದ ಸಿಟಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತ ಹಾಗೆ, ಅಕ್ಕಪಕ್ಕದ ಪದಗಳ ನಡುವೆ ಇಕ್ಕಟ್ಟಾಗಿ ನಿಂತಿತ್ತು ಆ ಪದ.

"ಆವತ್ತು ಸಾಲಲ್ಲಿ ಜಾಗ ಸಾಲ್ಲಿಲ್ಲ. 'ಮುಂತಾದ ಎಗರಿಸಮ್ಮ, ಯಾರು ಓದ್ತಾರೆ' ಅಂದ್ರು ನಮ್ ಫೋರ್‌ಮನ್ನು. ಮನಸ್ಸು ಬರ್ಲಿಲ್ಲ. ಪಾಪ, ಯಾರಿಗೋ ಬೇರೆ ಕೀಲಲ್ಲಿ ನೋವು ಬಂದ್ರೆ? ಪದಗಳ ಸಂದು ಸಣ್ಣ ಮಾಡಿ ತೂರಿಸ್ದೆ... ಆ ಯಾರೋ ನಾನೇ ಅಂತ ಗೊತ್ತಿರ್ಲಿಲ್ಲ ಸಾರ್."

ಪರಶಿವಮೂರ್ತಿ ಕುರ್ಚಿಗೆ ಮೊಳೆ ಹೊಡೆದ ಹಾಗೆ ಕೂತುಬಿಟ್ಟರು.

ಆಮೇಲೆ ಕೋಡ್ ಪಟ್ಟಿಯ ಕಟ್ಟಕಡೆಯವರೆಗೆ ಮೌಸ್ ಉರುಳಿಸಿದರು. ಅಲ್ಲಿತ್ತು... 'ಇತರೆ ಕೀಲುಗಳು'. ಅದಕ್ಕೂ ಒಂದು ಕೋಡ್!

ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ಅಲ್ಲಿಯವರೆಗೆ ಇಳಿದಿರಲಿಲ್ಲ. ಎಷ್ಟು ಜನರನ್ನು ಹೀಗೆ ವಾಪಸ್ ಕಳಿಸಿದೆ...? ರಿಜೆಕ್ಟ್ ಲೆಟರನ್ನು ಹರಿದು ಹಾಕಿ, ಆ ಕೋಡ್ ಒತ್ತಿದರು.

ಬುಧವಾರ ಮಂಜೂರಾಯಿತು. ಗುರುವಾರ ಆಪರೇಷನ್.

ನಾಲ್ಕು ತಿಂಗಳಾದ ಮೇಲೆ ಜಲಜಾಕ್ಷಮ್ಮ ಮತ್ತೆ ಬಂದರು. ಬಾಗಿಲಲ್ಲೇ ನಿಂತು, ನಗುತ್ತಾ ಬಲಗೈ ಹೆಬ್ಬೆಟ್ಟು ಎತ್ತಿ ತೋರಿಸಿದರು!

ಟೇಬಲ್ ಮೇಲೊಂದು ಕಾರ್ಡಿಟ್ಟರು. "ಹೊಸ ಕೀಲಲ್ಲಿ ಮೊದಲ್ನೇ ಕೆಲ್ಸ ಸಾರ್."

ಕಾರ್ಡಿನಲ್ಲಿ ಇದ್ದದ್ದು ಒಂದೇ ಪದ... 'ಮುಂತಾದ'. ಈ ಸಲ ಎರಡೂ ಕಡೆ ಧಾರಾಳವಾಗಿ ಜಾಗ ಬಿಟ್ಟಿದ್ದರು.

ಪರಶಿವಮೂರ್ತಿ ಓದು ಬಾರದವರ ಹಾಗೆ ಅದನ್ನೇ ನೋಡುತ್ತಾ ಕೂತರು... ಕಣ್ಣು ಮಂಜಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ.

*

ಪಟ್ಟಿಯಲ್ಲಿ ಹೆಸರಿಲ್ಲದವರಿಗೂ ನೋವಿರುತ್ತದೆ... ಅವರಿಗೂ ಒಂದಿಷ್ಟು ಜಾಗ ಇಡಿ.

ನಿಮ್ಮ ಸಾಲಿನಲ್ಲಿ ಜಾಗ ಸಾಲದೆ ನೀವು ಎಗರಿಸಿಬಿಟ್ಟ ಆ 'ಮುಂತಾದವರು' ಯಾರು...?