ಒರತೆಗೊಂದು ಹೆಸರು

“ಮೊಹರು ಮಸುಕಾಗಿದೆ. ಹೊಸದಾಗಿ ಹಾಕಿಸ್ಕೊಂಡು ಬನ್ನಿ,” ಎಂದು ಅನುದಾನದ ಅಧಿಕಾರಿ ಅರ್ಜಿಯನ್ನು ವಾಪಸ್ ತಳ್ಳಿದಳು. ಎದುರಿಗಿದ್ದ ಮುದುಕರ ಮುಖ ಸಪ್ಪಗಾಯಿತು. ಅವಳ ಹೊಟ್ಟೆ ತಣ್ಣಗಾಯಿತು.

ಹನ್ನೆರಡು ವರ್ಷದ ಹಿಂದೆ ಅವಳ ಈ ಕುರ್ಚಿಯಲ್ಲಿ ಅಧಿಕಾರಿಯಾಗಿ ಕೂತಿದ್ದವರು ಅವರೇ. ಅವಳ ಊರಿನವರು ಕುಡಿಯುವ ಒರತೆಗೆ ಕಟ್ಟೆ, ಬೇಲಿ ಕೇಳಿದ್ದ ಅರ್ಜಿಗೆ ಮೊಹರು ಸರಿಯಿಲ್ಲ, ತಾರೀಖು ಸರಿಯಿಲ್ಲ ಅಂತ ಅವಳನ್ನು ನಾಲ್ಕು ಸಲ ಅಲೆಸಿದ್ದರು. ಐದನೇ ಸಲ ಅವಳು ಹೋಗಲಿಲ್ಲ. ಅಷ್ಟರಲ್ಲಿ, ದನ ಇಳಿದು ಕೆಡಿಸಿದ ಆ ನೀರು ಕುಡಿದ ತಂಗಿ ವಾಂತಿ-ಭೇದಿಯಲ್ಲಿ ತೀರಿಕೊಂಡಿದ್ದಳು.

“ನನ್ನ ಗುರುತು ಸಿಕ್ತಾ ಸಾರ್?”

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇಲ್ಲಮ್ಮ. ದಯವಿಟ್ಟು ತಡ ಮಾಡ್ಬೇಡಿ. ರಿಟೈರ್ ಆದ್ಮೇಲೆ ಮಗಳ ಊರಲ್ಲಿದ್ದೀನಿ. ಅಲ್ಲಿನ ಒರತೆಗೆ ಕಟ್ಟೆಯಿಲ್ಲ, ಆ ನೀರು ಕುಡಿದು ಮೊಮ್ಮಗಳು ಆಸ್ಪತ್ರೆ ಸೇರಿದ್ದಾಳೆ.”

ಗುರುತೇ ಇಲ್ಲ! ಅವಳು ಹಲ್ಲು ಕಚ್ಚಿದಳು. ಎಷ್ಟು ಅಲೆಸಿದರೂ ಈ ಮನುಷ್ಯ ಸುಸ್ತಾಗುತ್ತಾರೆ, ಮರೆಯುತ್ತಾರೆ, ಅಷ್ಟೇ. ನರಳುವುದು ಆ ಕೂಸು. ಅರ್ಜಿಯನ್ನು ಬಿಡಿಸಿ, ‘ಯೋಜನೆಯ ಹೆಸರು’ ಎಂಬ ಖಾಲಿ ಸಾಲಿನ ಮೇಲೆ ಬೆರಳಿಟ್ಟು ಪೆನ್ನು ಕೊಟ್ಟಳು. ತಂಗಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ಬರೆಸತೊಡಗಿದಳು.

“ಯಾರಮ್ಮ ಇದು?”

“ನನ್ನ ತಂಗಿ. ನಮ್ಮೂರ ಒರತೆಗೆ ಬೇಲಿ ಬೇಕು ಅಂತ ನಿಮ್ಮ ಹತ್ರ ನಾಲ್ಕು ಸಲ ಬಂದಿದ್ದೆ. ನಾಲ್ಕನೇ ಸಲ ಮನೆಗೆ ಹೋದಾಗ ಅವಳಿರಲಿಲ್ಲ.”

ಪೆನ್ನು ಅಲ್ಲೇ ನಿಂತಿತು.

“ಪೂರ್ತಿ ಬರೀರಿ,” ಅಂದಳು. “ಕಟ್ಟೆ ಮೇಲೂ ಈ ಹೆಸರೇ ಕೆತ್ತಿಸ್ತೀನಿ. ದಿನಾ ಅದನ್ನ ಓದ್ಕೊಂಡೇ ನೀವು ನೀರು ತುಂಬಿಸ್ಕೋಬೇಕು.”

ಅವರು ಕೊನೆಯ ಅಕ್ಷರ ಮುಗಿಸಿದ ಮೇಲೇ ಅವಳು ಮಂಜೂರಾತಿಗೆ ಸಹಿ ಹಾಕಿದಳು.