ಸ್ಕ್ಯಾನಿಂಗ್ ಕೋಣೆಯ ಹೊರಗೆ

ಮಗಳು ಶಾಂಭವಿಯ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿದ್ದನ್ನು ಗಂಗವ್ವ ಯಾರಿಗೂ ಹೇಳಿರಲಿಲ್ಲ. ಆದರೂ ನಿಶ್ಚಯವಾಗಿದ್ದ ಹುಡುಗನ ಮನೆಗೆ ಸುದ್ದಿ ಹೇಗೋ ಮುಟ್ಟಿತು. ಹುಡುಗನೂ ಅವನ ತಾಯಿಯೂ ಸ್ಕ್ಯಾನಿಂಗ್ ಸೆಂಟರಿಗೇ ಬಂದು ಕುಳಿತರು.

"ನಾಳೆ ಎದಿ ಕೊಯ್ಯಿಸ್ಕೊಳ್ಳೋ ಹುಡುಗೀನ ಮನಿ ತುಂಬಿಸ್ಕೊಂಡು ನಾವೇನ್ ಮಾಡೋಣ್ರಿ?" ಎಂದರು ಹುಡುಗನ ತಾಯಿ, ಒಳಗೆ ಹೊರಟಿದ್ದ ಶಾಂಭವಿಗೆ ಕೇಳುವಂತೆಯೇ. ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಶಾಂಭವಿ ಬಾಗಿಲಲ್ಲಿ ತಿರುಗಿ ಹುಡುಗನನ್ನೊಮ್ಮೆ ನೋಡಿ ಒಳಗೆ ಹೋದಳು. ಗಂಗವ್ವ ಸೆರಗಿನ ತುದಿ ಹಿಂಡುತ್ತ ಮನೆದೇವರನ್ನು ನೆನೆಯತೊಡಗಿದಳು.

ಸ್ವಲ್ಪ ಹೊತ್ತಿಗೆ ದುಪಟ್ಟಾ ಸರಿಪಡಿಸಿಕೊಳ್ಳುತ್ತ ಹೊರಬಂದ ಶಾಂಭವಿ ನೇರವಾಗಿ ಹುಡುಗನ ಮುಂದೆ ನಿಂತಳು.

"ಡಾಕ್ಟ್ರು ಏನಂದ್ರು?" ಅವನ ತಾಯಿಯೇ ಕೇಳಿದರು.

"ಗಂಟು ಕೆಟ್ಟದ್ದೈತಿ."

ಹುಡುಗ ಅವಳ ಮುಖ ನೋಡದೆ ಎದ್ದ. "ನಮ್ಮ ಹುಡುಗಂದೂ ಬಾಳೇವು ಐತಲ್ರಿ, ತಪ್ಪು ತಿಳೀಬ್ಯಾಡ್ರಿ" ಎಂದು ಅವನ ತಾಯಿಯೂ ಹಿಂದೆಯೇ ಮೆಟ್ಟಿಲಿಳಿದರು.

ಗಂಗವ್ವ ಕುಳಿತಲ್ಲೇ ಅಳತೊಡಗಿದಳು. ಶಾಂಭವಿ ಅವಳ ಪಕ್ಕದಲ್ಲಿ ಕುಳಿತು, ಅವರ ಕಾರು ಗೇಟು ದಾಟುವವರೆಗೂ ಕಿಟಕಿಯಾಚೆ ನೋಡಿದಳು. ಆಮೇಲೆ ತಾಯಿಯ ಕೈ ಹಿಡಿದುಕೊಂಡಳು.

"ಅಳಬ್ಯಾಡವ್ವಾ. ಗಂಟಿನ ಅಂಚು ನುಣ್ಣಗೈತಿ, ಕ್ಯಾನ್ಸರ್ ಅಲ್ಲ ಅಂದಾರ ಡಾಕ್ಟ್ರು. ಅವ್ರ ಮನಿಗೆ ಮಾತ್ರ ಇದನ್ನ ಹೇಳಿಕಳಿಸಬ್ಯಾಡ."