ಕೂಡ್ರಿಸುವವಳು

ಮಂಡಿ ಮಡಚಲಿಲ್ಲ.

ಭರಮವ್ವ ಬಿಸಿನೀರಿನ ಬಟ್ಟೆ ಸುತ್ತಿ ಮತ್ತೊಮ್ಮೆ ಒತ್ತಿದಳು. ನಿಂಗವ್ವನ ಕಾಲು ಒನಕೆಯಂತೆ ನೆಟ್ಟಗೇ ಉಳಿಯಿತು.

"ಎಷ್ಟೊತ್ತಿಗೆ ಹ್ವಾದ್ರು ಅಂದಿ?"

"ಐದಕ್ಕ," ಎಂದಳು ಮಗಳು ದಾನೇಶ್ವರಿ, ಗೋಡೆ ನೋಡುತ್ತ.

ಈಗ ಸಂಜೆ ಆರು.

ಖಾನಾಪುರದ ಲಿಂಗಾಯತರ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆದು, ಕಾಲು ಮಡಚಿ ಕೂಡ್ರಿಸಿ, ಎಡ ಅಂಗೈಯಲ್ಲಿ ಲಿಂಗ ಇಡುವ ಕೆಲಸ ಮೂವತ್ತು ವರ್ಷದಿಂದ ಭರಮವ್ವನದು. ಸಾವು ಮೈಯಲ್ಲಿ ಹೇಗೆ ಇಳಿಯುತ್ತದೆಂದು ಅವಳ ಕೈಗೆ ಗೊತ್ತು. ಮೊದಲು ದವಡೆ ಸೆಟೆಯುತ್ತದೆ. ಆಮೇಲೆ ಕತ್ತು, ತೋಳು, ಬೆರಳು. ಮಂಡಿ ಎಲ್ಲಕ್ಕಿಂತ ತಡ. ಒಂದು ತಾಸಿನ ಹೆಣ ನಿದ್ದೆಹೋದ ಕೂಸಿನ ಹಾಗೆ ಮಡಚುತ್ತದೆ.

ಇದು ಬೆಳಗಿನ ಸಾವು.

ಕಿಟಕಿ ಮುಚ್ಚಿತ್ತು. ಕೌದಿಯೊಳಗೆ ಬಿಸಿನೀರಿನ ರಬ್ಬರು ಚೀಲ, ಇನ್ನೂ ಬೆಚ್ಚಗೆ. ಸತ್ತವಳಿಗೆ ಯಾರು ಶಾಖ ಕೊಡುತ್ತಾರೆ?

ಎಡಗೈ ಅರ್ಧ ಮುಚ್ಚಿತ್ತು. ಭರಮವ್ವ ಲಿಂಗವಿಟ್ಟು ನೋಡಿದಳು. ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಬೆರಳುಗಳ ನಡುವಿನ ಪೊಳ್ಳು ಬಹಳ ದೊಡ್ಡದು. ಮುದುಕಿ ಏನನ್ನೋ ಹಿಡಿದಿದ್ದಳು. ಬೆರಳು ಸೆಟೆದ ಮೇಲೆ ಯಾರೋ ಅದನ್ನು ಎಳೆದುಕೊಂಡಿದ್ದಾರೆ.

"ಕೈಯಾಗ ಏನಿತ್ತು, ದಾನವ್ವ?"

"ಏನಿಲ್ಲ."

"ನನ್ನ ಮುಂದ ಸುಳ್ಳು ಹೇಳು, ನಡೀತೈತಿ. ಇಕಿ ಮುಂದ ಬ್ಯಾಡ."

ದಾನೇಶ್ವರಿ ಮೊದಲ ಸಲ ತಿರುಗಿ ನೋಡಿದಳು. "ಸತ್ತವರಿಗೆ ಕೇಳಸ್ತೈತೇನ, ಅತ್ತಿ?"

ಹೆದರಿ ಕೇಳಿದಂತಿತ್ತು.

ಎಂಟು ವರ್ಷ ತಾಯಿಯ ಹೇಲು ಉಚ್ಚೆ ಬಳಿದ ಕೈ ದಾನೇಶ್ವರಿಯದು. ಅಂಥ ಕೈ ಒಂದು ದಿನ ದಣಿಯಬಹುದು. ಹಿಂದೊಮ್ಮೆ ಒಂದು ಮನೆಯಲ್ಲಿ ಮುದುಕಿಯ ತುಟಿಯ ಮೇಲೆ ದಿಂಬಿನ ಹತ್ತಿ ಕಂಡಿತ್ತು. ಭರಮವ್ವ ಒರೆಸಿ ಸುಮ್ಮನಾಗಿದ್ದಳು. ಆ ಮುದುಕಿ ಈಗಲೂ ಕನಸಿನಲ್ಲಿ ಬಂದು ಎದುರು ಕೂಡುತ್ತಾಳೆ. ಇನ್ನೊಬ್ಬಳನ್ನು ಕೂಡ್ರಿಸಿಕೊಳ್ಳಲು ಭರಮವ್ವನಲ್ಲಿ ಜಾಗವಿರಲಿಲ್ಲ.

"ಭರಮವ್ವ, ಎಷ್ಟೊತ್ತವಾ? ಹೆಣಾ ಕೂಡ್ರಸಾಕತ್ತಿಯೋ, ನೀನ ಕುಂತಿಯೋ?" ಹೊರಗಿನಿಂದ ಜಂಗಮ ಈರಯ್ಯ ಕೂಗಿದ. "ಸಾವಿನ ಹೊತ್ತು ಖರೇ ಯಾವುದು? ಬರೀಬೇಕು."

"ಹೇಳತೀನ್ರಿ," ಎಂದು ಭರಮವ್ವ ಎದ್ದಳು. ದಾನೇಶ್ವರಿ ಅವಳ ಸೆರಗು ಹಿಡಿದಳು. ಭರಮವ್ವ ಬಿಡಿಸಿಕೊಂಡು ಹೊರಬಂದಳು. ಪೊಲೀಸರು ಬಂದರೆ ಬರಲಿ.

ಕಟ್ಟೆಯ ಮೇಲೆ ಮಗ ಓಂಕಾರ ಕೂತಿದ್ದ. ಬೆಳಗಾವಿಯ ರವಿವಾರ ಪೇಟೆಯವನು. ಅಪ್ಪನ ಮಣ್ಣಿಗೆ ಬಾರದವನ ಮುಖ ನೋಡುವುದಿಲ್ಲ ಎಂದಿದ್ದಳು ನಿಂಗವ್ವ. ಒಂದು ತಾಸಿನ ದಾರಿ ಹನ್ನೆರಡು ವರ್ಷ ಹಿಡಿದಿತ್ತು.

"ನೀ ಯಾವಾಗ ಬಂದೆಪ್ಪಾ?"

"ಮೂರಕ್ಕ." ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ, ಗಾಯವಾದವನಂತೆ. "ಮಾತು ನಿಂತಾವ, ಕಿವಿ ಕೇಳಸ್ತಾವ ಅಂದ್ಲು ಅಕ್ಕ. ಅವ್ವನ ಎಡಗೈಯಾಗ ಕೈ ಇಟ್ಟು ತಪ್ಪಾತು ಅಂದೆ. ಮದಲ ಸುಮ್ನ ಇದ್ಲು. ಆಮ್ಯಾಲೆ ಬೆರಳು ಮೆಲ್ಲಕ ಮೆಲ್ಲಕ ಬಿಗಿ ಆಕ್ಕೋತ ಬಂದ್ವು, ಅತ್ತಿ. ಬಿಡಲೇ ಇಲ್ಲ ನನ್ನ. ಐದಕ್ಕ ಅಕ್ಕ ಬಂದು ಕೈ ತಿರುವಿ ತಗದ್ಲು."

ಈರಯ್ಯ ಪೆನ್ನು ಹಿಡಿದು ಕಾಯುತ್ತಿದ್ದ. ಬಾಗಿಲಲ್ಲಿ ದಾನೇಶ್ವರಿ ನಿಂತಿದ್ದಳು.

"ಐದಕ್ಕ ಅಂತ ಬರೀರಿ, ಅಯ್ಯನವರ," ಎಂದಳು ಭರಮವ್ವ. "ಮಗನ ಕೈ ಹಿಡಕೊಂಡು ಹ್ವಾದ್ಲು."